ತವರಿಗೆ ಬಂದ ಹಕ್ಕಿಗಳು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕನ್ನಡ ಪಂಡಿತನಾದ ನನ್ನಿಂದ ಅವರು ನಿರೀಕ್ಷಿಸಿದ್ದು ವಚನ ಸಾಹಿತ್ಯವನ್ನೋ ಹಳಗನ್ನಡ ಕಾವ್ಯವನ್ನೋ ಕುರಿತ ಬರಹವೆಂಬುದು ನನಗೆ ತಿಳಿಯದ ಸಂಗತಿಯಲ್ಲ. ಆ ಕೆಲಸವನ್ನು ಹಿಂದಿನ ಸಂಚಿಕೆಗಳಲ್ಲಿ ಯಥಾಶಕ್ತಿ ಮಾಡಿದ್ದೇನೆ. ಈ ಬಾರಿ ಹಕ್ಕಿಗಳನ್ನು ಕುರಿತು ಬರೆಯಹೊರಟಿದ್ದೇನೆ. ಇದಕ್ಕೆ ಕಾರಣವುಂಟು.

ಕಳೆದ ಬೇಸಿಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಶಾಲೆಯ ಮೇಲಣ ಅಭಿಮಾನದಿಂದ ಒಂದು ಸಲಹೆಯನ್ನು ಸಭೆಯ ಮುಂದಿಟ್ಟರು. ಮಳೆಗಾಲದಲ್ಲಿ ಶಾಲೆಯ ಮಕ್ಕಳನ್ನೆಲ್ಲ ಒಂದೇ ದಿನ ಬಸ್ಸುಗಳಲ್ಲಿ ಮಂಡಗದ್ದೆಗೆ ಕರೆದೊಯ್ಯುವುದು. ಡ್ರೋನ್ ಎಂಬ ಹಾರುವ ಯಂತ್ರದಿಂದ ಹಕ್ಕಿಗಳ ಗೂಡುಗಳನ್ನು ನೆತ್ತಿಯ ಮೇಲಿಂದ ಚಿತ್ರೀಕರಿಸಿ ವಾರ್ಷಿಕೋತ್ಸವದ ದಿನ ಪ್ರದರ್ಶಿಸುವುದು. ವೆಚ್ಚವನ್ನೆಲ್ಲ ಅವರೇ ಭರಿಸುವುದು. ಸಭೆಯಲ್ಲಿದ್ದವರೆಲ್ಲ ಸಂತೋಷಪಟ್ಟರು. ನಾನೊಬ್ಬ ಮಾತ್ರ ಬೇಡವೆಂದೆ. ಏಕೆ ಬೇಡವೆಂಬುದನ್ನು ಅಂದು ಸಮಾಧಾನವಾಗಿ ಹೇಳಲು ಸಾಧ್ಯವಾಗಲಿಲ್ಲ. ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿತ್ತು. ಇಷ್ಟು ವರ್ಷ ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದ ಅದನ್ನು ಇಲ್ಲಿ ಬರೆದುಬಿಡುತ್ತೇನೆ.

ಮಂಡಗದ್ದೆಯನ್ನು ನಮ್ಮ ಸೀಮೆಯವರಿಗೆ ಪರಿಚಯಿಸುವ ಅಗತ್ಯವಿಲ್ಲ. ಆದರೂ ದೂರದ ಊರುಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳ ನೆನಪಿಗಾಗಿ ಎರಡು ಮಾತು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ದಾರಿಯಲ್ಲಿ ಸುಮಾರು 30 ಕಿಲೋಮೀಟರು ಕ್ರಮಿಸಿದರೆ ರಸ್ತೆಯ ಮಗ್ಗುಲಲ್ಲಿಯೇ ತುಂಗೆ ಹರಿಯುತ್ತಾಳೆ. ಆ ಹೊಳೆಯ ನಡುವೆ ಒಂದು ಎಕರೆಗಿಂತ ತುಸು ದೊಡ್ಡದಾದ ನಡುಗಡ್ಡೆಯಿದೆ. ಮುಂಗಾರು ಹಿಡಿಯುತ್ತಲೇ ಅಲ್ಲಿಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಸಾವಿರಗಟ್ಟಲೆ ಸೇರಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಮಾಡಿ, ಮಳೆಗಾಲ ಮುಗಿಯುವ ಹೊತ್ತಿಗೆ ಮಕ್ಕಳೊಡನೆ ಚದುರಿಹೋಗುತ್ತವೆ. ದಡದ ಮೇಲೆ ವೀಕ್ಷಣಾ ಗೋಪುರವಿದೆ. ಗೂಡುಗಳಿಗೂ ನೋಡುವವರಿಗೂ ನಡುವೆ ತುಂಬಿದ ಹೊಳೆಯೇ ಕಂದಕ. ಪ್ರಕೃತಿಯು ಇಷ್ಟು ಅಚ್ಚುಕಟ್ಟಾಗಿ ಏರ್ಪಡಿಸಿದ ವೀಕ್ಷಣಾಲಯ ನಾಡಿನಲ್ಲಿ ಹೆಚ್ಚಿಲ್ಲ. ಬೆಳ್ಳಕ್ಕಿಯೆಂಬ ಹೆಸರಾದರೂ ಎಷ್ಟು ಸೊಗಸು! ಬೆಳ್ ಎಂದರೆ ಬಿಳಿಯದು, ಪಕ್ಕಿ ಎಂದರೆ ಹಕ್ಕಿ. ಬೆಳ್ವಕ್ಕಿಯೆಂದಾಗಿ, ನಾಲಗೆಯಲ್ಲಿ ನುರಿದು ಬೆಳ್ಳಕ್ಕಿಯಾಗಿದೆ. ಹಾವಕ್ಕಿಗೆ ಆ ಹೆಸರು ಬಂದ ಬಗೆಯನ್ನು ಅದು ಈಜುವಾಗ ನೋಡಿ ತಿಳಿಯಬೇಕು. ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಹೊರಗೆ; ಥೇಟು ಹಾವೇ.

1998ರ ಆಗಸ್ಟ್ ತಿಂಗಳು. ನಾನು ಆಗ ಉಪಾಧ್ಯಾಯ ವೃತ್ತಿಗೆ ಹೊಸಬ. ವಿದ್ವತ್ ಪರೀಕ್ಷೆಗೆ ಓದಿದವನು. ಅಮರಕೋಶದ ಸಿಂಹಾದಿವರ್ಗ ಬಾಯಿಪಾಠವಾಗಿತ್ತು. ಬಕ, ಕಹ್ವ, ಬಲಾಕಾ ಎಂದು ಪರ್ಯಾಯ ಪದಗಳನ್ನು ಒಪ್ಪಿಸಬಲ್ಲವನಾಗಿದ್ದೆನೇ ಹೊರತು, ಕಣ್ಣೆದುರಿನ ಹಕ್ಕಿ ಇದೇ ಎಂದು ತೋರಿಸಬಲ್ಲವನಾಗಿರಲಿಲ್ಲ. ಎರಡು ಬಸ್ಸುಗಳಲ್ಲಿ ಮಕ್ಕಳನ್ನು ಕರೆದುಕೊಂಡು ಮಂಡಗದ್ದೆಗೆ ಹೋದೆವು. ಮಳೆ ಬಿಟ್ಟಿತ್ತು. ನಡುಗಡ್ಡೆಯ ಮರಗಳು ಹಸುರೋ ಬಿಳುಪೋ ಎಂದು ತಿಳಿಯದಂತೆ ಹಕ್ಕಿಗಳಿಂದ ತುಂಬಿದ್ದವು. ಸ್ವಲ್ಪ ಹೊತ್ತು ನೋಡಿದ ಮೇಲೆ ಹುಡುಗನೊಬ್ಬ, "ಪಂಡಿತರೇ, ಇವು ಹಾರುವುದಿಲ್ಲವೇ?" ಎಂದು ಕೇಳಿದ. ಹಾರಿಸಿ ತೋರಿಸುವುದೇ ಗುರುಧರ್ಮವೆಂದು ನನಗೆ ಆ ಕ್ಷಣದಲ್ಲಿ ತೋರಿತು. ಎಲ್ಲರೂ ಒಟ್ಟಿಗೆ ಕೂಗಿ ಚಪ್ಪಾಳೆ ತಟ್ಟಿರೆಂದು ನಾನೇ ಹೇಳಿದೆ. ನೂರು ಮಕ್ಕಳ ಕೂಗಿಗೆ ನಡುಗಡ್ಡೆಯೇ ಮೇಲೆದ್ದಂತೆ ಬಿಳಿಯ ಮೋಡವೊಂದು ಆಕಾಶಕ್ಕೆ ಏರಿತು. ಮಕ್ಕಳು ಕುಣಿದರು. ಸುಳ್ಳೇಕೆ ಹೇಳಲಿ, ನಾನೂ ಹಿಗ್ಗಿದೆ.

ಆಮೇಲೆ ನಡೆದುದನ್ನು ನೋಡಿದವರು ಕೆಲವರೇ. ಹಕ್ಕಿಗಳು ಎದ್ದ ಗೂಡುಗಳ ಮೇಲೆ ಕಾಗೆಗಳು ಬಂದೆರಗಿದವು. ಒಂದು ಕಾಗೆ ತೆಳುನೀಲಿಯ ಮೊಟ್ಟೆಯೊಂದನ್ನು ಕಚ್ಚಿಕೊಂಡು ನಮ್ಮ ತಲೆಯ ಮೇಲೆಯೇ ದಾಟಿಹೋಯಿತು. ಇನ್ನೂ ರೆಕ್ಕೆ ಬಲಿಯದ ಮರಿಯೊಂದು ಗಾಬರಿಯಿಂದ ಗೂಡು ಬಿಟ್ಟು ಕೊಂಬೆಗೆ ಹತ್ತಿ, ಹಿಡಿತ ತಪ್ಪಿ ಹೊಳೆಗೆ ಬಿತ್ತು. ಆಗಸ್ಟ್ ತಿಂಗಳ ತುಂಗೆ; ನಾಲ್ಕಾರು ಮಾರು ದೂರದವರೆಗೆ ಕಂಡಿತು, ಅಷ್ಟೇ. ಹಿಂದಿನ ವಾರವಷ್ಟೇ ತರಗತಿಯಲ್ಲಿ ಕ್ರೌಂಚವಧದ ಪ್ರಸಂಗವನ್ನು ಕಣ್ಣಲ್ಲಿ ನೀರು ಬರುವಂತೆ ವಿವರಿಸಿದ್ದ ನಾನು ಏನೂ ಹೇಳಲಾರದೆ ನಿಂತೆ. ದಡದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಿಂತಿದ್ದ ಒಬ್ಬ ವೃದ್ಧ ರೈತ ಗದರಲಿಲ್ಲ, ಬೈಯಲಿಲ್ಲ. "ಮೇಷ್ಟ್ರೇ, ತವರಿಗೆ ಬಂದ ಬಾಣಂತೀನ ಹಿಂಗೆ ಎಬ್ಬಿಸ್ತಾರಾ?" ಎಂದಷ್ಟೇ ಕೇಳಿ ತನ್ನ ದಾರಿ ಹಿಡಿದ. ಈ ಲೇಖನದ ಶಿರೋನಾಮೆ ಆ ಹಿರಿಯನದು.

ಆತನ ಮಾತಿನಲ್ಲಿ ಎಷ್ಟು ಶಾಸ್ತ್ರವಿತ್ತೆಂಬುದು ಮುಂದೆ ಓದುತ್ತ ಹೋದಂತೆ ತಿಳಿಯಿತು. ಬೆಳ್ಳಕ್ಕಿ ಮೂರರಿಂದ ಐದು ಮೊಟ್ಟೆಯಿಟ್ಟು ಮೂರು ವಾರಕ್ಕಿಂತ ಹೆಚ್ಚು ಕಾಲ ಕಾವು ಕೊಡುತ್ತದೆ. ಗಂಡು ಹೆಣ್ಣುಗಳೆರಡೂ ಸರದಿಯ ಮೇಲೆ ಕೂರುತ್ತವೆ. ಕಾವು ಬಿಟ್ಟ ಮೊಟ್ಟೆ ಮಲೆನಾಡಿನ ಮಳೆಯಲ್ಲಿ ತಣ್ಣಗಾಗಲು ಬಹಳ ಹೊತ್ತು ಬೇಡ. ನಮ್ಮ ಕಾಯಿದೆಯೂ ಇದನ್ನು ಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಬೇಟೆಯೆಂಬ ಶಬ್ದಕ್ಕೆ ಕೊಟ್ಟಿರುವ ಅರ್ಥವಿವರಣೆಯನ್ನು ಓದಿ ನಾನು ಬೆಚ್ಚಿದೆ. ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ. ಕಾಡುಹಕ್ಕಿಗಳ ಮೊಟ್ಟೆಯನ್ನು ಹಾಳುಮಾಡುವುದು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಆ ಶಬ್ದದ ಅರ್ಥದೊಳಗೆ ಸೇರುತ್ತದೆ. ಕೋಶಗಳನ್ನು ಓದಿಯೇ ಬದುಕಿದವನಿಗೆ ತನ್ನ ಮೇಲೆಯೇ ಹೊರಳಿ ಬೀಳುವ ಇಂಥ ಅರ್ಥ ಬೇರೊಂದು ದೊರೆತಿಲ್ಲ. ಅಂದು ನಾನು ನೂರು ಮಕ್ಕಳನ್ನು ಬೇಟೆಗೆ ಕರೆದೊಯ್ದಿದ್ದೆ.

ಡ್ರೋನ್ ವಿಷಯಕ್ಕೆ ನನ್ನ ವಿರೋಧ ಇಲ್ಲಿಂದ ಹುಟ್ಟಿದ್ದು. ಯಂತ್ರವನ್ನು ಕಂಡು ಮುದುಕನಾಗುತ್ತಿರುವ ಪಂಡಿತ ಹೆದರಿದನೆಂದು ತರುಣ ಮಿತ್ರರು ಭಾವಿಸಬಾರದು. ನೆತ್ತಿಯ ಮೇಲೆ ಗುಂಯ್‌ಗುಟ್ಟುತ್ತ ಸುಳಿಯುವ ವಸ್ತು ಹಕ್ಕಿಯ ಕಣ್ಣಿಗೆ ಹದ್ದೇ. ನಾವು ಅಂದು ಚಪ್ಪಾಳೆಯಿಂದ ಮಾಡಿದ್ದನ್ನು ಅದು ಇನ್ನೂ ಹತ್ತಿರದಿಂದ ಮಾಡುತ್ತದೆ. ಅರಣ್ಯ ಇಲಾಖೆಯ ಅನುಮತಿಯ ಮಾತು ಹಾಗಿರಲಿ; ಅನುಮತಿ ದೊರೆತರೂ ಬೇಡವೆಂಬುದೇ ನನ್ನ ಅಭಿಪ್ರಾಯ.

ಹಾಗಾದರೆ ಮಕ್ಕಳು ನೋಡುವುದೇ ಬೇಡವೇ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನೋಡಲೇಬೇಕು. ನೋಡದವನು ಕಾಯಲಾರ. ಇದಕ್ಕೆ ದೂರದೇಶದ ಕಥೆಯೊಂದನ್ನು ಹೇಳುತ್ತೇನೆ. 2024ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕ ದೇಶವು ಒಂದು ಹದ್ದನ್ನು ತನ್ನ ರಾಷ್ಟ್ರಪಕ್ಷಿಯೆಂದು ಶಾಸನದ ಮೂಲಕ ಘೋಷಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. 1782ರಿಂದಲೂ ಆ ದೇಶದ ರಾಜಮುದ್ರೆಯಲ್ಲಿರುವ ಹಕ್ಕಿ ಅದು. ಅದನ್ನು ಬೋಳುಹದ್ದು ಎನ್ನುತ್ತಾರಾದರೂ ಅದರ ತಲೆ ಬೋಳಲ್ಲ, ಬಿಳಿಯ ಗರಿಗಳಿಂದ ತುಂಬಿದೆ. ಅವರ ಭಾಷೆಯ ಆ ಶಬ್ದಕ್ಕೆ ಹಿಂದೆ ಬಿಳಿಯ ಗುರುತುಳ್ಳದ್ದೆಂಬ ಅರ್ಥವಿತ್ತಂತೆ. ಶಬ್ದಾರ್ಥ ಸವೆಯುವುದು ನಮ್ಮಲ್ಲಿ ಮಾತ್ರವಲ್ಲವೆಂದು ನನಗೆ ಸಮಾಧಾನವಾಯಿತು. ಕೆರೆ ಹೊಳೆಗಳ ಬಳಿ ಎತ್ತರದ ಮರದ ಮೇಲೆ ಗೂಡು ಕಟ್ಟಿ ಮೀನು ಹಿಡಿದು ಬದುಕುವ ಹಕ್ಕಿ.

ಕೆನಡ ದೇಶದ ಚಾರ್ಲ್ಸ್ ಬ್ರೋಲಿ ಎಂಬ ಬ್ಯಾಂಕ್ ಅಧಿಕಾರಿ ನಿವೃತ್ತನಾದ ಮೇಲೆ, 1939ರಿಂದ, ಫ್ಲಾರಿಡದ ಕಡಲ ತೀರದಲ್ಲಿ ಈ ಹದ್ದುಗಳ ಗೂಡುಗಳನ್ನು ವರ್ಷವರ್ಷವೂ ನೋಡಿ ಲೆಕ್ಕವಿಡತೊಡಗಿದ. ಮರವೇರಿ ಸಾವಿರಕ್ಕೂ ಹೆಚ್ಚು ಮರಿಗಳ ಕಾಲಿಗೆ ಉಂಗುರ ತೊಡಿಸಿದ. (ಅದು ಪಳಗಿದವರು ಅನುಮತಿ ಪಡೆದು ಮಾಡುವ ಕೆಲಸ, ನಮ್ಮ ಮಕ್ಕಳಿಗೆ ಮೇಲ್ಪಂಕ್ತಿಯಲ್ಲ.) 1947ರಿಂದೀಚೆಗೆ ಮರಿಗಳು ಕಡಿಮೆಯಾಗುತ್ತ, ಗೂಡುಗಳು ಬರಿದಾಗುತ್ತ ಬಂದುದು ಅವನ ಪುಸ್ತಕದಲ್ಲಿ ಕಂಡಿತು. ಡಿಡಿಟಿ ಎಂಬ ಕೀಟನಾಶಕವೇ ಇದಕ್ಕೆ ಕಾರಣವಿರಬೇಕೆಂದು ಆತ ಸಂಶಯಪಟ್ಟ. ನೊಣ ಸೊಳ್ಳೆಗಳಿಗೆ ಹಾಕಿದ ವಿಷ ನೀರಿಗಿಳಿದು, ಮೀನಿನ ಕೊಬ್ಬಿನಲ್ಲಿ ಸೇರಿ, ಮೀನು ತಿಂದ ಹದ್ದಿನ ಮೈಯಲ್ಲಿ ಇಮ್ಮಡಿ ಮುಮ್ಮಡಿಯಾಗಿ, ಅದರ ಮೊಟ್ಟೆಯ ಚಿಪ್ಪನ್ನು ತೆಳ್ಳಗೆ ಮಾಡುತ್ತಿತ್ತು. ಕಾವಿಗೆ ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ರೇಚಲ್ ಕಾರ್ಸನ್ 1962ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಈ ಬ್ಯಾಂಕ್ ಅಧಿಕಾರಿಯ ಲೆಕ್ಕಕ್ಕೆ ಸ್ಥಾನ ದೊರೆಯಿತು. 1963ರಲ್ಲಿ ಅಲಾಸ್ಕ, ಹವಾಯಿಗಳನ್ನು ಬಿಟ್ಟು ಉಳಿದ ಅಮೆರಿಕದಲ್ಲಿ ಗೂಡು ಕಟ್ಟುತ್ತಿದ್ದ ಜೋಡಿಗಳು 417 ಮಾತ್ರ. 1972ರಲ್ಲಿ ಅಲ್ಲಿ ಡಿಡಿಟಿ ಬಳಕೆಗೆ ನಿಷೇಧ ಬಂದಿತು. 2007ರಲ್ಲಿ ಹದ್ದನ್ನು ಅಪಾಯದ ಪಟ್ಟಿಯಿಂದ ತೆಗೆದರು. 2021ರಲ್ಲಿ ಪ್ರಕಟವಾದ ಗಣತಿಯಲ್ಲಿ ಅದೇ ಪ್ರದೇಶದ ಜೋಡಿಗಳ ಸಂಖ್ಯೆ 71,000ವನ್ನು ಮೀರಿತ್ತು. ಕಾನೂನು ಮಾಡಿದವರು ಬೇರೆ, ಪ್ರಯೋಗಶಾಲೆಯಲ್ಲಿ ಸಾಧಿಸಿ ತೋರಿಸಿದವರು ಬೇರೆ. ಆದರೆ ಗೂಡುಗಳು ಬರಿದಾಗುತ್ತಿವೆಯೆಂದು ಮೊದಲು ಬರೆದಿಟ್ಟವರ ಸಾಲಿನಲ್ಲಿ ಒಬ್ಬ ನಿವೃತ್ತ ಗೃಹಸ್ಥನಿದ್ದ. ಹಕ್ಕಿಯ ಭವ್ಯ ಚಿತ್ರ ಒಂದಿದ್ದರೆ ಅದು ಒಂದು ದಿನದ ಸುದ್ದಿ ಹೇಳುತ್ತದೆ. ಇಪ್ಪತ್ತು ವರ್ಷದ ಲೆಕ್ಕದ ಪುಸ್ತಕ ಹೇಳುವುದು ಬೇರೆಯದನ್ನು.

ನಮ್ಮ ಬೆಳ್ಳಕ್ಕಿಗೂ ಇಂಥದೇ ಗಂಡಾಂತರ ಹಿಂದೊಮ್ಮೆ ಬಂದಿತ್ತು. ಗೂಡು ಕಟ್ಟುವ ಕಾಲದಲ್ಲಿ ಅದರ ಬೆನ್ನ ಮೇಲೆ ರೇಷ್ಮೆಯೆಳೆಯಂಥ ನವುರಾದ ಗರಿಗಳು ಮೂಡುತ್ತವೆ. 19ನೆಯ ಶತಮಾನದ ಕೊನೆಯಲ್ಲಿ ಯೂರೋಪು, ಅಮೆರಿಕಗಳ ಸ್ತ್ರೀಯರ ಟೋಪಿಗಳಿಗೆ ಈ ಗರಿಗಳು ಬೇಕಾದವು. ಗರಿ ಮೂಡುವುದು ಮರಿಯ ಕಾಲದಲ್ಲಿಯೇ ಆದ್ದರಿಂದ, ಒಂದು ತಾಯನ್ನು ಕೊಂದರೆ ಗೂಡೇ ಹಾಳು. ಭಾರತ ಸರ್ಕಾರ 1902ರಲ್ಲಿ ಹಕ್ಕಿಗರಿಗಳ ರಫ್ತನ್ನು ನಿಷೇಧಿಸಿತು. ಇದನ್ನು ಬರೆಯುವಾಗ ನಮ್ಮ ಭಾಷೆಯೂ ಈ ಹಕ್ಕಿಗೆ ಮಾಡಿದ ಅನ್ಯಾಯ ನೆನಪಾಗುತ್ತದೆ. ಕಪಟಿಯನ್ನು ಕಂಡರೆ ಬಕಧ್ಯಾನವೆನ್ನುತ್ತೇವೆ. ನಾನೂ ಎಷ್ಟೋ ಹುಡುಗರಿಗೆ ಅಂದಿದ್ದೇನೆ. ಗದ್ದೆಯಂಚಿನಲ್ಲಿ ಒಂಟಿಕಾಲಲ್ಲಿ ನಿಂತ ಆ ಹಕ್ಕಿ ಕಪಟಿಯಲ್ಲ. ಗೂಡಿನಲ್ಲಿ ಬಾಯಿ ತೆರೆದಿರುವ ಮೂರು ಮರಿಗಳ ಸಂಸಾರಸ್ಥ. ನುಡಿಗಟ್ಟನ್ನು ತಿದ್ದುವುದು ಪಂಡಿತನ ಕೈಯಲ್ಲಿಲ್ಲ, ಬಿಡಿ.

ತುಂಗೆಯ ಮೇಲೆ ಹಾರಿದ ಬೆಳ್ಳಕ್ಕಿಯ ಸಾಲನ್ನು ಕಂಡು ಕುವೆಂಪು ಅವರು ಬರೆದ 'ದೇವರು ರುಜು ಮಾಡಿದನು' ಎಂಬ ಕವನವನ್ನು ತೀರ್ಥಹಳ್ಳಿಯ ಸೀಮೆಯವರಾದ ನಾವು ಹೆಮ್ಮೆಯಿಂದ ಪಾಠ ಮಾಡುತ್ತೇವೆ. ಆ ಕವಿ ಹಕ್ಕಿಗಳನ್ನು ಹಾರಿಸಲಿಲ್ಲ. ಅವು ತಾವಾಗಿ ಹಾರುವವರೆಗೆ ಕಾದರು. ಪಾಠ ಮಾಡುವಾಗ ಅಲಂಕಾರವನ್ನು ವಿವರಿಸುವ ನಾವು ಆ ಕಾಯುವಿಕೆಯನ್ನು ವಿವರಿಸುವುದನ್ನು ಮರೆಯುತ್ತೇವೆ.

ನಮ್ಮಲ್ಲಿಯೇ ಕಾದವರ ಉದಾಹರಣೆ ಬೇಕಾದರೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಬೇಕು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಣ ಹುಣಿಸೆ ಮುಂತಾದ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ವಾಸನೆ, ಗಲೀಜು, ಫಸಲಿನ ನಷ್ಟ ಎಲ್ಲವನ್ನೂ ಸಹಿಸಿ ಊರವರು ಅವುಗಳನ್ನು ಹೆರಿಗೆಗೆ ಬಂದ ಮನೆಮಗಳಂತೆ ಕಾಣುತ್ತ ಬಂದಿದ್ದಾರೆ. ಮಂಡಗದ್ದೆಯ ದಡದ ಆ ವೃದ್ಧ ಅಲ್ಲಿಗೆ ಹೋಗಿದ್ದನೆಂದು ನಾನು ಭಾವಿಸುವುದಿಲ್ಲ. ಆದರೂ ಇಬ್ಬರ ಉಪಮಾನವೂ ಒಂದೇ. ಆ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಹತ್ತಿರದಲ್ಲಿ, ಸಾಗರಕ್ಕೆ ಉತ್ತರದ ಸೊರಬ ತಾಲ್ಲೂಕಿನಲ್ಲಿ ಗುಡವಿ ಕೆರೆಯಿದೆ. 1989ರಿಂದ ಅದು ಪಕ್ಷಿಧಾಮ. ಕೆಂಬರಲು, ಹಾವಕ್ಕಿ, ಬೆಳ್ಳಕ್ಕಿಗಳನ್ನು ಅಲ್ಲಿಯೂ ನೋಡಬಹುದು. ಅದೂ ಬೇಡವೆಂದರೆ ನಮ್ಮ ಊರೂರ ಕೆರೆಗಳ ಮೇಲೆ ಗರುಡ ಸುಳಿಯುತ್ತದೆ. ತಲೆ, ಎದೆ ಬಿಳುಪು, ಉಳಿದ ಮೈ ಕಂದುಗೆಂಪು. ಮೀನು ಅದಕ್ಕೂ ಪ್ರಿಯ. ಅಮೆರಿಕದವರ ಹದ್ದನ್ನು ಚಿತ್ರದಲ್ಲಿ ನೋಡಿ ಬೆರಗಾಗುವ ನಮ್ಮ ಹುಡುಗರು, ಆಕಾಶದಲ್ಲಿ ಇದನ್ನು ಕಂಡು ಕೈಮುಗಿಯುತ್ತಾರೆಯೇ ಹೊರತು ಅದು ಯಾವ ಮರದಲ್ಲಿ ಗೂಡು ಕಟ್ಟಿದೆಯೆಂದು ಹುಡುಕುವುದಿಲ್ಲ. ಚಳಿಗಾಲ ಬಲಿತ ಮೇಲೆ ನೀರಿನ ಹತ್ತಿರದ ಎತ್ತರದ ಮರಗಳಲ್ಲಿ ನೋಡಬೇಕು. ಅಂಥ ಮರವೊಂದನ್ನು ಕಡಿಯುವ ಮುನ್ನ ತಲೆಯೆತ್ತಿ ಒಮ್ಮೆ ನೋಡಿದರೆ ಸಾಕು.

ಈಗ ಹೇಳಲು ಸ್ವಲ್ಪ ಸಂಕೋಚವಾಗುವ ಮಾತು. ನಡುಗಡ್ಡೆಯೊಂದನ್ನು ಕಾದರೆ ಹಕ್ಕಿಗಳನ್ನು ಕಾದಂತಾಗುವುದಿಲ್ಲ. ಮಂಡಗದ್ದೆಯ ಮರಿಗಳ ಊಟ ಮಂಡಗದ್ದೆಯಲ್ಲಿಲ್ಲ. ಸುತ್ತಣ ಹಳ್ಳಿಗಳ ಗದ್ದೆ, ತೋಡು, ಕೆರೆಗಳಲ್ಲಿದೆ. ಕಪ್ಪೆ, ಸಣ್ಣ ಮೀನು, ಹುಳುಹುಪ್ಪಟೆ ಇವೇ ಬೆಳ್ಳಕ್ಕಿಯ ಆಹಾರ. ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ತಾಲ್ಲೂಕುಗಳಲ್ಲಿ ನೀರು ನಿಲ್ಲುತ್ತಿದ್ದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಕತ್ತಿ ಹಿಡಿದು ಕಳೆ ಸವರುತ್ತಿದ್ದ ಕಡೆ ಈಗ ಕಳೆನಾಶಕ ಸಿಂಪಡಿಸುತ್ತೇವೆ. ಎಲೆಚುಕ್ಕೆ ರೋಗ ಬಂದ ಮೇಲಂತೂ ಹೊಸ ಹೊಸ ಔಷಧಗಳ ಹೆಸರು ಪಂಚಾಂಗದ ಯೋಗ ಕರಣಗಳಂತೆ ಎಲ್ಲರ ಬಾಯಲ್ಲಿವೆ. ನಮ್ಮ ಸಂಸ್ಥೆಯ ದಾನಿಗಳಲ್ಲಿ ಅನೇಕರು ತೋಟದವರು. ನಾನೂ ಒಂದು ಎಕರೆ ತೋಟದವನೇ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸದೆ ಯಾವ ಮಳೆಗಾಲವನ್ನೂ ಕಳೆದವನಲ್ಲ. ಬದುಕುವ ದಾರಿಯನ್ನು ಬಿಡಿರೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ತೋಡಿನ ಅಂಚಿಗೆ, ಕೆರೆಯ ಏರಿಗೆ ಕಳೆನಾಶಕ ಹೊಡೆಸುವುದನ್ನು ನಾನು ಮೂರು ವರ್ಷದಿಂದ ನಿಲ್ಲಿಸಿದ್ದೇನೆ. ಕೂಲಿ ಹೆಚ್ಚಾಯಿತು. ಕಪ್ಪೆಯ ಸದ್ದೂ ಹೆಚ್ಚಾಗಿದೆಯೆಂದು ಮನೆಯವರು ಹೇಳುತ್ತಾರೆ. ಲೆಕ್ಕ ಬರೆದಿಡಲಿಲ್ಲವಾದ್ದರಿಂದ ಅದನ್ನು ನಾನು ಪ್ರಮಾಣವೆಂದು ಮುಂದಿಡುವುದಿಲ್ಲ.

2019ರ ಆಗಸ್ಟ್ ತಿಂಗಳಲ್ಲಿ ತುಂಗೆಗೆ ಬಂದ ಮಹಾಪೂರವನ್ನು ನಾವೆಲ್ಲ ಕಂಡಿದ್ದೇವೆ. ಹೊಳೆ ಹಾಗೆ ಏರಿದಾಗ ತಗ್ಗಿನ ಕೊಂಬೆಗಳ ಗೂಡು ಉಳಿಯುವುದು ಕಷ್ಟ. ಪ್ರವಾಹವನ್ನು ತಡೆಯುವುದು ನಮ್ಮ ಶಾಲೆಯ ಕೈಯಲ್ಲಿಲ್ಲ. ಚಪ್ಪಾಳೆಯನ್ನು ತಡೆಯುವುದು ಇದೆ.

ಆದ್ದರಿಂದ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಡ್ರೋನಿಗೂ ಬಸ್ಸುಗಳಿಗೂ ಎತ್ತಿಟ್ಟ ಹಣವನ್ನು ಹಿಂತೆಗೆದುಕೊಳ್ಳಬೇಡಿ. ಅದರಲ್ಲಿ ನಾಲ್ಕು ಒಳ್ಳೆಯ ಬೈನಾಕ್ಯುಲರುಗಳನ್ನು ಕೊಡಿಸಿ. ಇಡೀ ಶಾಲೆ ಒಂದು ದಿನ ಹೋಗುವುದರ ಬದಲು ಹತ್ತು ಮಕ್ಕಳ ತಂಡವೊಂದು ಜೂನ್‌ನಿಂದ ಅಕ್ಟೋಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಹೋಗಿಬರಲಿ. ಗೋಪುರದ ಮೇಲೆ ಒಂದು ಗಂಟೆ ಮಾತಿಲ್ಲದೆ ಕುಳಿತು, ನೀರಿನ ಮಟ್ಟವೆಷ್ಟು, ಗೂಡುಗಳೆಷ್ಟು, ಯಾವ ಹಕ್ಕಿ ಯಾವ ಕೊಂಬೆಯಲ್ಲಿ, ಮೊದಲ ಮರಿ ಕಂಡದ್ದು ಎಂದು, ಕಡೆಯ ಹಕ್ಕಿ ಹೋದದ್ದು ಎಂದು ಬರೆದುಕೊಳ್ಳಲಿ. ಮೊದಮೊದಲು ತಪ್ಪಾಗುತ್ತದೆ. ಮಧ್ಯಮ ಗಾತ್ರದ ಬೆಳ್ಳಕ್ಕಿಯ ಹಳದಿ ಕೊಕ್ಕು ಗೂಡು ಕಟ್ಟುವ ಕಾಲಕ್ಕೆ ಕಪ್ಪಾಗುತ್ತದೆಯೆಂದು ತಿಳಿಯದೆ, ಎರಡೂ ಬೇರೆ ಬೇರೆ ಜಾತಿಯೆಂದು ನಾನೇ ಬಹುಕಾಲ ನಂಬಿದ್ದೆ. ವಿಜ್ಞಾನದ ಉಪಾಧ್ಯಾಯರು ತಿದ್ದಿದರು. ಒಂದು ಗಂಟೆ ಸುಮ್ಮನೆ ಕೂರುವುದು ಇಂದಿನ ಮಕ್ಕಳಿಂದ ಆಗದ ಮಾತೆಂದು ಕೆಲವು ಸಹೋದ್ಯೋಗಿಗಳು ನಗುತ್ತಾರೆ. ಮಠದ ಶಾಲೆಯಲ್ಲಿ ಪ್ರತಿದಿನ ಬೆಳಗ್ಗೆ ಪ್ರಾರ್ಥನೆಗೆ ಕಣ್ಣು ಮುಚ್ಚಿ ಕೂರುವ ಮಕ್ಕಳಿಗೆ ಕಣ್ಣು ತೆರೆದು ಕೂರುವುದು ಅಷ್ಟು ಕಷ್ಟವಾಗಲಾರದೆಂದು ನನ್ನ ನಂಬಿಕೆ.

ವಾರ್ಷಿಕೋತ್ಸವಕ್ಕೆ ಪ್ರದರ್ಶಿಸಲು ಏನೂ ಇರುವುದಿಲ್ಲವಲ್ಲ ಎಂಬ ಆಕ್ಷೇಪಣೆ ಉಳಿಯುತ್ತದೆ. ನಿಜ. ಮೊದಲ ವರ್ಷ ಏನೂ ಇರುವುದಿಲ್ಲ. ಮಕ್ಕಳ ವಕ್ರಾಕ್ಷರದ ನಾಲ್ಕು ಪುಟಗಳಿರಬಹುದು. ಹತ್ತನೆಯ ವರ್ಷ ಅದೇ ಪುಸ್ತಕವನ್ನು ಅರಣ್ಯ ಇಲಾಖೆಯವರೇ ಕೇಳಿಕೊಂಡು ಬಂದರೂ ಬರಬಹುದು.

ಇನ್ನೂರು ಪುಟದ ರಟ್ಟಿನ ಹೊದಿಕೆಯ ಪುಸ್ತಕವೊಂದನ್ನು ಆಗಲೇ ಕೊಂಡಿಟ್ಟಿದ್ದೇನೆ. ಉಪಾಧ್ಯಾಯರ ಕೊಠಡಿಯ ಕಪಾಟಿನಲ್ಲಿ, ಹಾಜರಿ ಪುಸ್ತಕಗಳ ಪಕ್ಕದಲ್ಲಿದೆ. ಮೊದಲ ಪುಟದಲ್ಲಿ 1998ರ ಆಗಸ್ಟ್ ಎಂದು ಬರೆದು, ಒಂದು ಮೊಟ್ಟೆ, ಒಂದು ಮರಿ ಎಂದು ನಮೂದಿಸಿದ್ದೇನೆ. ಎರಡನೆಯ ಪುಟದಿಂದ ಮುಂದೆ ಖಾಲಿಯಿದೆ.